ಕ್ಯಾನ್ಸರಿನಿಂದ ಪಾರಾದ ಮಕ್ಕಳ ಮಿದುಳು

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ರಕ್ತದ ಕ್ಯಾನ್ಸರಿನದು. ಅದರಲ್ಲೂ ತೀವ್ರ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಬಗೆಯೇ ಹೆಚ್ಚು. ಈ ಕಾಯಿಲೆ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಎರಡರಿಂದ ಐದು ವರ್ಷದೊಳಗೆ. ಮಗು ವಾಕ್ಯ ಕಟ್ಟುವುದನ್ನು, ಬೆರಳು ಮಡಿಸಿ ಎಣಿಸುವುದನ್ನು, ಅಂಗನವಾಡಿಯ ಚಾಪೆಯ ಮೇಲೆ ಒಂದಿಷ್ಟು ಹೊತ್ತು ಸುಮ್ಮನೆ ಕೂರುವುದನ್ನು ಕಲಿಯುವ ವಯಸ್ಸೂ ಅದೇ. ಮಿದುಳಿನೊಳಗೆ ಜೋಡಣೆಯ ಕೆಲಸ ಬಿರುಸಾಗಿ ಸಾಗಿರುವ ಹೊತ್ತಿಗೇ ಕಾಯಿಲೆಯೂ ಬರುತ್ತದೆ, ಅದರ ಹಿಂದೆಯೇ ಉಗ್ರವಾದ ಚಿಕಿತ್ಸೆಯೂ ಬರುತ್ತದೆ. ಚಿಕಿತ್ಸೆ ಗೆದ್ದ ಮೇಲೆ ಈ ಮಕ್ಕಳ ಬುದ್ಧಿ, ನೆನಪು, ಗಮನ ಏನಾಗುತ್ತವೆ ಎಂಬ ಪ್ರಶ್ನೆಗೆ ಈಗ ಅರ್ಧ ಶತಮಾನದ ವಯಸ್ಸು.

ಹುಟ್ಟಿದ ಮಗುವಿನ ಮಿದುಳು 350ರಿಂದ 400 ಗ್ರಾಂ ತೂಗುತ್ತದೆ. ಆರು ವರ್ಷ ತುಂಬುವಷ್ಟರಲ್ಲಿ ಗಾತ್ರದಲ್ಲಿ ಅದು ದೊಡ್ಡವರ ಮಿದುಳಿನ ಶೇಕಡ 90ರಷ್ಟಾಗಿರುತ್ತದೆ. ಆದರೆ ಗಾತ್ರ ಬೆಳೆದಾಗ ಮುಗಿಯುವುದು ಅರ್ಧ ಕೆಲಸ ಮಾತ್ರ. ನರಕೋಶಗಳ ಉದ್ದನೆಯ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಪದರ ಸುತ್ತಿಕೊಳ್ಳಬೇಕು. ಕರೆಂಟಿನ ತಂತಿಯ ಮೇಲಿನ ರಬ್ಬರಿಗೆ ಇದನ್ನು ಹೋಲಿಸುವುದು ರೂಢಿ. ಹೋಲಿಕೆ ಪೂರ್ತಿ ಸರಿಯಲ್ಲ. ಮಯಲಿನ್ ಹೊದಿಕೆ ನಡುನಡುವೆ ಕಿರಿದಾದ ಸಂದು ಬಿಡುತ್ತದೆ. ಸಂಕೇತ ಒಂದು ಸಂದಿನಿಂದ ಇನ್ನೊಂದಕ್ಕೆ ನೆಗೆಯುತ್ತ ಓಡುತ್ತದೆ. ಹಾಗಾಗಿ ಹೊದಿಕೆ ಇರುವ ಎಳೆಯಲ್ಲಿ ವೇಗ ಎಷ್ಟೋ ಪಟ್ಟು ಹೆಚ್ಚು. ಮಿದುಳನ್ನು ಸೀಳಿ ನೋಡಿದರೆ ಒಳಭಾಗದಲ್ಲಿ ಕಾಣುವ ಬಿಳಿಯ ಅಂಶ ಇಂಥ ಎಳೆಗಳ ಕಂತೆಯೇ. ಈ ಸುತ್ತುವ ಕೆಲಸ ಮಿದುಳಿನ ಹಿಂಭಾಗದಿಂದ ಮುಂಭಾಗದ ಕಡೆಗೆ ಸಾಗುತ್ತದೆ. ಯೋಜನೆ ಹಾಕುವ, ತಡೆದುಕೊಳ್ಳುವ, ಒಂದೇ ವಿಷಯದ ಮೇಲೆ ಮನಸ್ಸಿಡುವ ಕೆಲಸ ಮಾಡುವ ಹಣೆಯ ಹಿಂದಿನ ಭಾಗದ ಸರದಿ ಕೊನೆಗೆ ಬರುತ್ತದೆ, ಇಪ್ಪತ್ತರ ಹರೆಯದವರೆಗೂ ಎಳೆಯುತ್ತದೆ. ಹೊದಿಕೆ ನೇಯುವ ಜೀವಕೋಶಗಳು ಹುಟ್ಟಬೇಕಾದರೆ ಅವುಗಳ ಮೂಲಕೋಶಗಳು ಮೇಲಿಂದ ಮೇಲೆ ಒಡೆದು ಎರಡಾಗುತ್ತಿರಬೇಕು. ಕ್ಯಾನ್ಸರ್ ಔಷಧಿಗೂ ವಿಕಿರಣಕ್ಕೂ ಗುರಿ ಹೀಗೆ ಒಡೆದು ಎರಡಾಗುವ ಕೋಶಗಳೇ. ಯಾವುದು ಕ್ಯಾನ್ಸರಿನದು, ಯಾವುದು ಬೆಳೆಯುವ ಮಿದುಳಿನದು ಎಂದು ಅವು ಕೇಳಿಕೊಂಡು ಹೊಡೆಯುವುದಿಲ್ಲ.

1940ರ ದಶಕದವರೆಗೆ ಈ ಲ್ಯುಕೇಮಿಯಾ ಬಂದ ಮಗು ಕೆಲವೇ ತಿಂಗಳಲ್ಲಿ ತೀರಿಹೋಗುತ್ತಿತ್ತು. ಆ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದವರು ಅಮೆರಿಕದ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್. ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳ ಕಾಯಿಲೆ ತಾತ್ಕಾಲಿಕವಾಗಿ ಹಿಂಜರಿದುದನ್ನು ಅವರು 1948ರಲ್ಲಿ ಪ್ರಕಟಿಸಿದರು. ಆ ಔಷಧಿ ಬಂದದ್ದು ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ಅಮಿನಾಪ್ಟೆರಿನ್‌ನ ಹತ್ತಿರದ ಬಂಧು ಮೆಥೊಟ್ರೆಕ್ಸೇಟ್. ಜೀವಕೋಶ ಹೊಸ ಡಿಎನ್‌ಎ ಕಟ್ಟಲು ಫೋಲಿಕ್ ಆಮ್ಲ ಬೇಕು. ಈ ಔಷಧಿ ಆ ದಾರಿಯನ್ನು ಮುಚ್ಚುತ್ತದೆ. ಇಂದಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆ ಅದನ್ನು ಬಿಟ್ಟು ನಡೆಯುವುದಿಲ್ಲ.

ಔಷಧಿಗಳು ಒಂದೊಂದಾಗಿ ಸೇರಿಕೊಂಡವು, ಮಕ್ಕಳು ತಿಂಗಳುಗಟ್ಟಲೆ ಚೆನ್ನಾಗಿರತೊಡಗಿದರು. ಆಗ ಇನ್ನೊಂದು ಸಂಗತಿ ಬಯಲಾಯಿತು. ರಕ್ತ ಶುದ್ಧವಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ತಲೆನೋವು, ವಾಂತಿ. ಬೆನ್ನಿನ ನೀರು ತೆಗೆದು ನೋಡಿದರೆ ಅಲ್ಲಿ ಕ್ಯಾನ್ಸರ್ ಕೋಶಗಳು. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಕಾಯುವ ತಡೆಯೊಂದು ದೇಹದಲ್ಲಿದೆ. ಔಷಧಿಗೂ ಅದು ಬಾಗಿಲು ಹಾಕುತ್ತದೆ. ಕ್ಯಾನ್ಸರ್ ಕೋಶಗಳು ಮಿದುಳನ್ನು ಸುತ್ತಿದ ಪೊರೆಗಳಲ್ಲಿ ಅಡಗಿ ಕುಳಿತು, ಸಮಯ ನೋಡಿ ಹೊರಬರುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಯಿಲೆ ಮರುಕಳಿಸುತ್ತಿದ್ದುದು ಅಲ್ಲಿಂದಲೇ.

ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ 1962ರಲ್ಲಿ ಸೇಂಟ್ ಜ್ಯೂಡ್ ಮಕ್ಕಳ ಆಸ್ಪತ್ರೆ ತೆರೆಯಿತು. ಅದರ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಅಡಗುದಾಣದ ಮೇಲೆಯೇ ನೇರವಾಗಿ ಕೈಹಾಕಿದರು. ಕಾಯಿಲೆ ಮಿದುಳಿಗೆ ಬಂದಿದೆಯೋ ಇಲ್ಲವೋ ಎಂದು ಕಾಯದೆ, ಎಲ್ಲ ಮಕ್ಕಳ ತಲೆಗೂ ಮುಂಚಿತವಾಗಿಯೇ ವಿಕಿರಣ ಕೊಡುವುದು, ಜೊತೆಗೆ ಬೆನ್ನಿನ ಸೂಜಿಯ ಮೂಲಕ ಮೆಥೊಟ್ರೆಕ್ಸೇಟನ್ನು ಮಿದುಳುಬಳ್ಳಿಯ ಸುತ್ತಲಿನ ದ್ರವಕ್ಕೇ ಬಿಡುವುದು. 1967ರಲ್ಲಿ ಆರಂಭವಾದ ಅವರ ಐದನೆಯ ಅಧ್ಯಯನದಲ್ಲಿ ತಲೆಗೆ ಕೊಟ್ಟ ಪ್ರಮಾಣ 24 ಗ್ರೇ. ಗ್ರೇ ಎಂದರೆ ಅಂಗಾಂಶ ಹೀರಿಕೊಂಡ ವಿಕಿರಣದ ಅಳತೆ. ನಮ್ಮ ಹಳ್ಳಿಗಳ ಕಡೆ ಇದೇ ಚಿಕಿತ್ಸೆಯನ್ನು ಕರೆಂಟ್ ಕೊಡುವುದು ಎನ್ನುತ್ತಾರೆ. ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು: ಸರಿಸುಮಾರು ಅರ್ಧದಷ್ಟು ಮಕ್ಕಳು ಗುಣವಾದರು. ಬೆಳೆಯುವ ಮಿದುಳಿಗೆ ವಿಕಿರಣದಿಂದ ಒಳ್ಳೆಯದಾಗುವುದಿಲ್ಲ ಎಂಬುದು ಆಗಲೂ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದ್ದದ್ದು ಸಾವು. ಇಂದಿನ ತಿಳಿವಳಿಕೆಯ ಮೆಟ್ಟಿಲ ಮೇಲೆ ನಿಂತು ಆ ಕಾಲದ ವೈದ್ಯರನ್ನು ದೂರುವುದು ಸುಲಭ, ನ್ಯಾಯವಲ್ಲ.

ಲೆಕ್ಕ ಬಂದದ್ದು ತಡವಾಗಿ. ಚಿಕಿತ್ಸೆ ಮುಗಿಸಿ ಮನೆಗೆ ಹೋದ ಮಕ್ಕಳು ಶಾಲೆಗೆ ಸೇರಿದರು. ಮೊದಲ ಒಂದೆರಡು ವರ್ಷ ಏನೂ ಎದ್ದು ಕಾಣಲಿಲ್ಲ. ಮೂರನೆಯ, ನಾಲ್ಕನೆಯ ತರಗತಿಯ ಹೊತ್ತಿಗೆ ಹಿಂದೆ ಬೀಳತೊಡಗಿದರು. ಫಿಲಡೆಲ್ಫಿಯಾದ ಅನ್ನಾ ಮೆಡೋಸ್ ಮತ್ತು ಸಂಗಡಿಗರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ, ತಲೆಗೆ ವಿಕಿರಣ ಪಡೆದ ಲ್ಯುಕೇಮಿಯಾ ಮಕ್ಕಳ ಬುದ್ಧಿಲಬ್ಧ, ಅಂದರೆ ಐಕ್ಯೂ, ವರ್ಷಗಳುರುಳಿದಂತೆ ಇಳಿಯುವುದನ್ನು ತೋರಿಸಿತು. ಪೆಟ್ಟು ಹೆಚ್ಚಾಗಿ ಬಿದ್ದದ್ದು ತೀರ ಚಿಕ್ಕ ವಯಸ್ಸಿನವರ ಮೇಲೆ.

ಇಳಿಯುವುದು ಎಂಬ ಮಾತಿನಲ್ಲಿ ಒಂದು ಮೋಸವಿದೆ. ಅದನ್ನು ಬಿಡಿಸಿಕೊಳ್ಳದೆ ಈ ವಿಷಯದಲ್ಲಿ ಮುಂದೆ ಹೋಗಲಾಗದು. ಬುದ್ಧಿಲಬ್ಧ ಎನ್ನುವುದು ಮಗುವಿಗೆ ಎಷ್ಟು ಗೊತ್ತು ಎಂಬ ಲೆಕ್ಕವಲ್ಲ, ಅದೇ ವಯಸ್ಸಿನ ಉಳಿದ ಮಕ್ಕಳ ಸಾಲಿನಲ್ಲಿ ಅದು ಎಲ್ಲಿ ನಿಂತಿದೆ ಎಂಬ ಲೆಕ್ಕ. ಸರಾಸರಿ ಮಗುವಿಗೆ 100. ಏಳನೆಯ ವಯಸ್ಸಿನಲ್ಲಿ 100 ಬಂದ ಮಗುವಿಗೆ ಹತ್ತರಲ್ಲಿ 92 ಬಂದರೆ, ಕಲಿತದ್ದು ಮರೆತುಹೋಯಿತು ಎಂದಲ್ಲ. ಏಳರಲ್ಲಿ ಗೊತ್ತಿದ್ದುದಕ್ಕಿಂತ ಹತ್ತರಲ್ಲಿ ಅದಕ್ಕೆ ಹೆಚ್ಚೇ ಗೊತ್ತು. ಜೊತೆಯವರು ಇನ್ನೂ ಹೆಚ್ಚು ಕಲಿತು ಮುಂದೆ ಹೋಗಿದ್ದಾರೆ, ಅಷ್ಟೆ. ಕೆರೆಯ ಏರಿ ಒಡೆದಿಲ್ಲ, ನೀರು ಸೋರಿಹೋಗಿಲ್ಲ. ಕೆರೆಗೆ ನೀರು ತರುವ ಕಾಲುವೆಯಲ್ಲಿ ಹೂಳು ತುಂಬಿದೆ. ಮೆಡುಲ್ಲೊಬ್ಲಾಸ್ಟೋಮಾ ಎಂಬ ಮಿದುಳು ಗೆಡ್ಡೆಗೆ ಚಿಕಿತ್ಸೆ ಪಡೆದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷಿಸಿದ ಸೇಂಟ್ ಜ್ಯೂಡ್‌ನ ಶಾನಾ ಪಾಮರ್, ರೇಮಂಡ್ ಮಲ್ಹರ್ನ್ ತಂಡ 2001ರಲ್ಲಿ ಇದನ್ನೇ ಅಂಕಿಗಳಲ್ಲಿ ತೋರಿಸಿತು. ಬುದ್ಧಿಲಬ್ಧ ವರ್ಷಕ್ಕೆ ಸರಾಸರಿ ಎರಡೂವರೆ ಅಂಕದಷ್ಟು ಕುಸಿಯುತ್ತಿತ್ತು, ಆದರೆ ಸರಿಯಾದ ಉತ್ತರಗಳ ಒಟ್ಟು ಸಂಖ್ಯೆ ಏರುತ್ತಲೇ ಇತ್ತು, ಆರೋಗ್ಯವಂತ ಮಕ್ಕಳಿಗಿಂತ ನಿಧಾನವಾಗಿ. ತಾಯಿತಂದೆಯರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳುವ ವೈದ್ಯರು ಕಡಿಮೆ. ಬುದ್ಧಿ ಕಡಿಮೆಯಾಗುತ್ತಿದೆ ಎಂದು ಕೇಳಿಸಿಕೊಂಡ ಮನೆಯವರು ಕಲಿಸುವುದನ್ನೇ ಕೈಬಿಡುವ ಅಪಾಯವಿದೆ. ನಿಜಕ್ಕೂ ಬೇಕಾದದ್ದು ಅದರ ತಿರುಗುಮುರುಗು: ಹೆಚ್ಚು ಸಮಯ, ಹೆಚ್ಚು ಸಲ.

ಹೂಳು ತುಂಬುವ ಜಾಗ ಮುಖ್ಯವಾಗಿ ಮೂರು. ಗಮನ ಹಿಡಿದಿಡುವ ಶಕ್ತಿ, ಕಂಡು ಕೇಳಿದ್ದನ್ನು ಅರಗಿಸಿಕೊಳ್ಳುವ ವೇಗ, ಮತ್ತು ಕೆಲಸದ ನೆನಪು, ಅಂದರೆ ಒಂದು ಕೆಲಸ ಮುಗಿಯುವ ತನಕ ನಾಲ್ಕಾರು ಸಂಗತಿಗಳನ್ನು ಮನಸ್ಸಿನ ಮುಂದೆ ಹಿಡಿದುಕೊಳ್ಳುವ ಸಾಮರ್ಥ್ಯ. ತರಗತಿಯಲ್ಲಿ ಇವು ಕಾಣುವ ರೂಪವೇ ಬೇರೆ. ಮೇಷ್ಟರು ಹಲಗೆಯ ಮೇಲೆ ಬರೆದ ಐದು ಸಾಲಿನಲ್ಲಿ ಮಗು ಮೂರು ಬರೆದುಕೊಳ್ಳುವಷ್ಟರಲ್ಲಿ ಹಲಗೆ ಒರೆಸಿರುತ್ತಾರೆ. ಉಕ್ತಲೇಖನದಲ್ಲಿ ಒತ್ತಕ್ಷರ ಬರೆಯುವಾಗ ಮುಂದಿನ ಪದ ಜಾರಿಹೋಗುತ್ತದೆ. ಮಗ್ಗಿ ಬಾಯಿಗೆ ಬರುತ್ತದೆ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ, ತೆಗೆದುಕೊಂಡದ್ದು ನೆನಪಿರುವುದಿಲ್ಲ. ಪುಸ್ತಕ ತೆಗೆ, ಇಪ್ಪತ್ತೆರಡನೆಯ ಪುಟ, ಮೂರನೆಯ ಪ್ರಶ್ನೆ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಮಗು ಪುಸ್ತಕ ತೆಗೆದು ಸುಮ್ಮನೆ ಕೂರುತ್ತದೆ. ಗಣಿತದಲ್ಲಿ ತೊಂದರೆ ಮೊದಲು ಕಾಣುವುದಕ್ಕೆ ಕಾರಣ ಇದೇ: ಅದು ಈ ಮೂರನ್ನೂ ಒಟ್ಟಿಗೆ ಬೇಡುವ ಪಾಠ. ಗಲಾಟೆ ಮಾಡುವ ಮಗುವಾದರೆ ಮೇಷ್ಟರ ಕಣ್ಣಿಗೆ ಬಿದ್ದೀತು. ಈ ಮಕ್ಕಳು ಸಾಮಾನ್ಯವಾಗಿ ಗಲಾಟೆ ಮಾಡುವವರಲ್ಲ, ಕಿಟಕಿಯ ಕಡೆ ನೋಡುತ್ತ ಕೂರುವವರು. ಹಾಗಾಗಿ ಸೋಮಾರಿ, ಮುದ್ದಿನಿಂದ ಕೆಟ್ಟದ್ದು ಎಂಬ ಹಣೆಪಟ್ಟಿ ಬಲು ಬೇಗ ಅಂಟಿಕೊಳ್ಳುತ್ತದೆ.

ವಿಕಿರಣ ಮಿದುಳಿನಲ್ಲಿ ಮಾಡುವ ಹಾನಿಗೆ ಒಂದೇ ದಾರಿ ಇಲ್ಲ. ಮಯಲಿನ್ ನೇಯುವ ಕೋಶಗಳ ಮೂಲಕೋಶಗಳು ಸಾಯುತ್ತವೆ. ಬಿಳಿಯ ಅಂಶ ಬೆಳೆಯಬೇಕಾದಷ್ಟು ಬೆಳೆಯುವುದಿಲ್ಲ. ಸ್ಕ್ಯಾನ್‌ನಲ್ಲಿ ಅಳೆದು ನೋಡಿದಾಗ ಬಿಳಿಯ ಅಂಶ ಕಡಿಮೆಯಿದ್ದ ಮಕ್ಕಳಲ್ಲೇ ಗಮನದ, ಬುದ್ಧಿಲಬ್ಧದ ಕೊರತೆಯೂ ಹೆಚ್ಚು ಕಂಡಿದೆ. ಕೂದಲೆಳೆಯಂಥ ರಕ್ತನಾಳಗಳ ಒಳಪದರ ಹಾಳಾಗುತ್ತದೆ, ಅದರ ಪರಿಣಾಮ ವರ್ಷಗಳ ಮೇಲೆ ತೋರುತ್ತದೆ. ಇನ್ನೊಂದು ದಾರಿ ಹಿಪ್ಪೊಕ್ಯಾಂಪಸ್‌ನದು. ಕಿವಿಯ ಒಳಬದಿಗೆ, ಮಿದುಳಿನ ಆಳದಲ್ಲಿ ಮಡಚಿಕೊಂಡಿರುವ ಈ ಭಾಗ ಹೊಸ ನೆನಪುಗಳ ಹೆಬ್ಬಾಗಿಲು. ಇಲ್ಲಿನ ಕಾಂಡಕೋಶಗಳು ಮಗು ಹುಟ್ಟಿದ ಮೇಲೂ ಹೊಸ ನರಕೋಶಗಳನ್ನು ಹಡೆಯುತ್ತವೆ. ಮಿಷೆಲ್ ಮೋಂಜೆ ಮತ್ತು ಸಂಗಡಿಗರು 2002ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ವಿಕಿರಣದ ನಂತರ ಕಾಂಡಕೋಶಗಳು ಉಳಿದಿದ್ದರೂ ನರಕೋಶ ಹುಟ್ಟಿಸುವುದನ್ನು ನಿಲ್ಲಿಸುತ್ತವೆ. ಕಾರಣ ಸುತ್ತಲಿನ ಉರಿಯೂತ: ಬೀಜವಿದೆ, ಮಣ್ಣು ಕೆಟ್ಟಿದೆ. ಉರಿಯೂತ ತಗ್ಗಿಸಿದರೆ ಒಂದಿಷ್ಟು ಚೇತರಿಕೆ ಸಾಧ್ಯ ಎಂಬ ಆಸೆ ಚಿಗುರಿದ್ದು ಅಲ್ಲಿಂದ.

ಮೆಥೊಟ್ರೆಕ್ಸೇಟಿನ ಪಾಲೂ ಇದೆ. ಫೋಲಿಕ್ ಆಮ್ಲದ ದಾರಿ ಮುಚ್ಚಿದಾಗ ಹೋಮೊಸಿಸ್ಟಿನ್ ಎಂಬ ವಸ್ತು ಏರುತ್ತದೆ, ಮಯಲಿನ್ ಕಾಪಾಡಿಕೊಳ್ಳಲು ಬೇಕಾದ ರಾಸಾಯನಿಕ ಕ್ರಿಯೆಗಳು ಕುಂಠಿತವಾಗುತ್ತವೆ. ಮೋಂಜೆಯವರದೇ ಸ್ಟ್ಯಾನ್‌ಫೋರ್ಡ್ ತಂಡ 2019ರಲ್ಲಿ ಸೆಲ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಈ ಔಷಧಿ ಮಿದುಳಿನ ಕಾವಲುಕೋಶಗಳಾದ ಮೈಕ್ರೊಗ್ಲಿಯಾಗಳನ್ನು ಕೆರಳಿಸುತ್ತದೆ. ಅವು ಪಕ್ಕದ ಕೋಶಗಳನ್ನು ಕೆರಳಿಸುತ್ತವೆ. ಕೊನೆಗೆ ಮಯಲಿನ್ ನೇಯುವವರ ಸಾಲೇ ಕೆಡುತ್ತದೆ. ಔಷಧಿ ನಿಲ್ಲಿಸಿ ಬಹಳ ಕಾಲವಾದರೂ ಕೆರಳಿಕೆ ಉಳಿದಿರುತ್ತದೆ. ವಿಕಿರಣವನ್ನೂ ಮೆಥೊಟ್ರೆಕ್ಸೇಟನ್ನೂ ಕೊಡುವ ಕ್ರಮದ ಬಗ್ಗೆ ವೈದ್ಯರು ಕಷ್ಟಪಟ್ಟು ಕಲಿತ ಪಾಠ ಇನ್ನೊಂದಿದೆ. ಮೊದಲು ವಿಕಿರಣ, ಆಮೇಲೆ ಹೆಚ್ಚು ಪ್ರಮಾಣದ ಮೆಥೊಟ್ರೆಕ್ಸೇಟ್ ಎಂದಾದರೆ ಹಾನಿ ಹೆಚ್ಚು. ವಿಕಿರಣ ಮಿದುಳಿನ ಕಾವಲು ತಡೆಯನ್ನು ಸಡಿಲಿಸಿರುತ್ತದೆ, ಔಷಧಿ ಬೇಕಾದ್ದಕ್ಕಿಂತ ಹೆಚ್ಚಾಗಿ ಒಳಗೆ ಇಳಿಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಲ್ಯುಕೇಮಿಯಾ ಚಿಕಿತ್ಸೆಯ ಇತಿಹಾಸ ಒಂದು ರೀತಿಯಲ್ಲಿ ತಲೆಗೆ ಕೊಡುವ ವಿಕಿರಣವನ್ನು ಹಿಂದೆಗೆದುಕೊಂಡ ಇತಿಹಾಸ. 24 ಗ್ರೇ 18ಕ್ಕೆ ಇಳಿಯಿತು. ಕಾಯಿಲೆಯ ಹತೋಟಿಯೇನೂ ತಪ್ಪಲಿಲ್ಲ. 12ಕ್ಕೆ ಇಳಿಯಿತು. ಆಮೇಲೆ, ಅಪಾಯ ಹೆಚ್ಚಿರುವ ಕೆಲವರಿಗೆ ಮಾತ್ರ ಎಂದಾಯಿತು. ವಿಕಿರಣದ ಜಾಗವನ್ನು ಬೆನ್ನಿನ ಸೂಜಿಯ ಔಷಧಿ, ರಕ್ತನಾಳದ ಮೂಲಕ ಹೆಚ್ಚು ಪ್ರಮಾಣದ ಮೆಥೊಟ್ರೆಕ್ಸೇಟ್, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತುಂಬಿದವು. 2000ದಿಂದ 2007ರವರೆಗೆ ಸೇಂಟ್ ಜ್ಯೂಡ್‌ನಲ್ಲಿ ಚಿಂಗ್‌ಹಾನ್ ಪುಯಿ ನೇತೃತ್ವದಲ್ಲಿ ನಡೆದ ಅಧ್ಯಯನದಲ್ಲಿ 498 ಮಕ್ಕಳಿದ್ದರು; ಮುನ್ನೆಚ್ಚರಿಕೆಯ ವಿಕಿರಣ ಒಬ್ಬರಿಗೂ ಕೊಡಲಿಲ್ಲ. ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇಕಡ 93.5. ಮೆಂಫಿಸ್‌ನಲ್ಲಿ ಹಚ್ಚಿದ ಒಲೆಯನ್ನು ಮೆಂಫಿಸ್‌ನವರೇ ಆರಿಸಿದಂತಾಯಿತು. ಅದಕ್ಕೆ ನಲವತ್ತು ವರ್ಷ ಹಿಡಿಯಿತು.

ವಿಕಿರಣವಿಲ್ಲದೆ ಬರೀ ಔಷಧಿಯಿಂದ ಗುಣವಾದ ಮಕ್ಕಳ ಬುದ್ಧಿಲಬ್ಧ ಒಟ್ಟಾರೆ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಆದರೂ ಅವರಲ್ಲಿ ಒಂದು ಪಾಲಿಗೆ ಗಮನದ, ವೇಗದ ತೊಂದರೆ ಉಳಿಯುತ್ತದೆ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಹಿಪ್ಪೊಕ್ಯಾಂಪಸ್ ಮೇಲೆ ಕೆಲಸ ಮಾಡುವುದು ಗೊತ್ತಿರುವ ಸಂಗತಿ. ಬೆನ್ನಿನ ಸೂಜಿ ಹಾಕುವಾಗಲೆಲ್ಲ ಕೊಟ್ಟ ಅರಿವಳಿಕೆಯ ಒಟ್ಟು ಮೊತ್ತಕ್ಕೂ ಮುಂದಿನ ಗಮನದ ಕೊರತೆಗೂ ನಂಟಿರುವಂತೆ ಕಂಡಿದೆ. ಎರಡು ಮೂರು ವರ್ಷ ಎಳೆಯುವ ಚಿಕಿತ್ಸೆಯಲ್ಲಿ ತಪ್ಪಿಹೋದ ಶಾಲೆಯ ದಿನಗಳನ್ನಂತೂ ಯಾವ ಸ್ಕ್ಯಾನೂ ತೋರಿಸುವುದಿಲ್ಲ. ಮಿದುಳಿನ ಲೆಕ್ಕಕ್ಕೆ ಬರೆದ ಎಷ್ಟೋ ಕೊರತೆಗಳಲ್ಲಿ ಅವುಗಳ ಪಾಲೂ ಇದೆ.

ಮಿದುಳಿನ ಗೆಡ್ಡೆಗಳದು ಇನ್ನೂ ಕಠಿಣ ದಾರಿ. ಮೆಡುಲ್ಲೊಬ್ಲಾಸ್ಟೋಮಾ ಹುಟ್ಟುವುದು ತಲೆಯ ಹಿಂಭಾಗದ ಅನುಮಸ್ತಿಷ್ಕದಲ್ಲಿ. ಗೆಡ್ಡೆ ದ್ರವದ ಹರಿವನ್ನು ತಡೆದು ಮಿದುಳು ನೀರಿನಿಂದ ಉಬ್ಬುತ್ತದೆ. ಹಾನಿ ಚಿಕಿತ್ಸೆಗೆ ಮೊದಲೇ ಶುರುವಾಗಿರುತ್ತದೆ. ಗೆಡ್ಡೆ ತೆಗೆದ ಒಂದೆರಡು ದಿನದ ಮೇಲೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಮಾತು ನಿಂತುಹೋಗುತ್ತದೆ. ಶಸ್ತ್ರಚಿಕಿತ್ಸೆ ಮುಗಿಸಿ ಎಚ್ಚರಗೊಂಡಾಗ ಅಮ್ಮಾ ಎಂದ ಮಗು ಮೂರನೆಯ ದಿನ ಮೂಕವಾಗುವುದು ಮನೆಯವರಿಗೆ ಸಿಡಿಲು ಬಡಿದಂತೆ. ವಾರಗಳೋ ತಿಂಗಳುಗಳೋ ಕಳೆದು ಮಾತು ಮರಳುತ್ತದೆ, ಆದರೆ ಹಿಂದಿನಷ್ಟು ಸರಾಗವಾಗಿ ಬರುವುದು ಕಡಿಮೆ. ಅನುಮಸ್ತಿಷ್ಕ ಎಂದರೆ ಸಮತೋಲ, ಚಲನೆ ಎಂದಷ್ಟೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಮಾತು, ಯೋಜನೆ, ಭಾವನೆಗಳ ಹತೋಟಿಯಲ್ಲೂ ಅದಕ್ಕೆ ಕೈಯಿದೆ ಎಂದು ತೋರಿಸಿಕೊಟ್ಟವರಲ್ಲಿ ಈ ಮಕ್ಕಳೂ ಸೇರುತ್ತಾರೆ. ಇಲ್ಲಿ ವಿಕಿರಣವನ್ನು ಬಿಡಲಾಗಿಲ್ಲ, ತಗ್ಗಿಸಲಾಗಿದೆ. ಇಡೀ ಮಿದುಳು ಮತ್ತು ಮಿದುಳುಬಳ್ಳಿಗೆ ಹಿಂದೆ 36 ಗ್ರೇ ಕೊಡುತ್ತಿದ್ದರು. ಅಪಾಯ ಕಡಿಮೆ ಇರುವವರಿಗೆ ಈಗ ಕಿಮೋ ಔಷಧಿಯ ಜೊತೆ 23.4 ಗ್ರೇ ಸಾಕು. ಮೂರು ವರ್ಷ ತುಂಬದ ಮಕ್ಕಳಲ್ಲಿ ಔಷಧಿಯಿಂದಲೇ ಕಾಲ ತಳ್ಳಿ, ವಿಕಿರಣವನ್ನು ಆದಷ್ಟು ಮುಂದೂಡುತ್ತಾರೆ, ಸಾಧ್ಯವಾದರೆ ತಪ್ಪಿಸುತ್ತಾರೆ.

ಒಂದೇ ಚಿಕಿತ್ಸೆ ಪಡೆದ ಇಬ್ಬರು ಮಕ್ಕಳ ಹಾದಿ ಒಂದೇ ಆಗಿರುವುದಿಲ್ಲ. ವಯಸ್ಸು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ತಲೆಗೆ ವಿಕಿರಣ ಪಡೆದ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಹಾನಿಯಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮನೆಯಲ್ಲಿ ಓದುಬರಹವಿದ್ದು, ಕೂರಿಸಿಕೊಂಡು ಹೇಳಿಕೊಡುವವರಿದ್ದರೆ ಫಲಿತಾಂಶ ಉತ್ತಮ. ಕೆಲವೊಮ್ಮೆ ತೊಂದರೆ ಮಿದುಳಿನಲ್ಲೇ ಇರುವುದಿಲ್ಲ. ಸಿಸ್‌ಪ್ಲಾಟಿನ್ ಎಂಬ ಔಷಧಿ ಒಳಗಿವಿಯನ್ನು ಹಾಳುಮಾಡುತ್ತದೆ, ಮೊದಲು ಹೋಗುವುದು ಕೀರಲು ದನಿಯ ಎತ್ತರದ ಸ್ವರಗಳನ್ನು ಗ್ರಹಿಸುವ ಶಕ್ತಿ. ಮಗುವಿಗೆ ಮಾತು ಕೇಳಿಸುತ್ತದೆ, ಸಕಾರ ಶಕಾರಗಳು ಜಾರಿಹೋಗುತ್ತವೆ. ಹಿಂದಿನ ಬೆಂಚಿನಲ್ಲಿ ಕೂತ ಅಂಥ ಮಗುವಿಗೆ ಗಮನವಿಲ್ಲ ಎಂದು ಬರೆದುಬಿಡುವುದು ಸುಲಭ. ಕಿವಿಯ ಪರೀಕ್ಷೆ ಮಾಡಿಸದೆ ಬುದ್ಧಿಯ ಪರೀಕ್ಷೆಗೆ ಕೂರಿಸುವುದು ತಲೆಕೆಳಗಿನ ಕ್ರಮ.

ಭಾರತದಲ್ಲಿ 1980ರ ದಶಕದಿಂದ ಮುಂಬೈ, ಚೆನ್ನೈ, ದೆಹಲಿಯ ಆಸ್ಪತ್ರೆಗಳು ಎಂಸಿಪಿ 841 ಎಂಬ ಚಿಕಿತ್ಸಾಕ್ರಮವನ್ನು ಬಳಸಿದವು. ಲ್ಯುಕೇಮಿಯಾದಿಂದ ಗುಣವಾದವರ ಸಂಖ್ಯೆ ದೇಶದಲ್ಲಿ ಏರಿದ್ದರಲ್ಲಿ ಅದರ ಪಾತ್ರ ದೊಡ್ಡದು, ಮತ್ತು ತಲೆಗೆ ವಿಕಿರಣ ಅದರ ಭಾಗವಾಗಿತ್ತು. ಹೆಚ್ಚು ಪ್ರಮಾಣದ ಮೆಥೊಟ್ರೆಕ್ಸೇಟ್ ಕೊಡಬೇಕಾದರೆ ರಕ್ತದಲ್ಲಿ ಔಷಧಿಯ ಮಟ್ಟವನ್ನು ದಿನದಿನವೂ ಅಳೆಯುವ ಪ್ರಯೋಗಾಲಯ ಬೇಕು, ಔಷಧಿಯ ಹಾನಿ ತಡೆಯಲು ಸಮಯಕ್ಕೆ ಸರಿಯಾಗಿ ಫೋಲಿನಿಕ್ ಆಮ್ಲದ ಆಸರೆ ಕೊಡಬೇಕು, ಹಾಸಿಗೆ ಬೇಕು. ಇವಿಲ್ಲದ ಕಡೆ ವಿಕಿರಣ ಅಗ್ಗದ, ಸುಲಭದ ದಾರಿಯಾಗಿ ಬಹಳ ಕಾಲ ಉಳಿಯಿತು. ಹಾಗಾಗಿ ಪಶ್ಚಿಮದಲ್ಲಿ ಹಳೆಯ ತಲೆಮಾರಿನ ಸಮಸ್ಯೆ ಎನಿಸಿಕೊಂಡದ್ದು ಇಲ್ಲಿ ಈಗಿನ ಕಾಲೇಜು ವಯಸ್ಸಿನವರಲ್ಲೂ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಕಾಯಿಲೆ ಮರುಕಳಿಸಿದೆಯೇ ಎಂಬ ಒಂದೇ ಪ್ರಶ್ನೆ ಕೇಳಿ ಕಳುಹಿಸುವ ರೂಢಿಯ ನಡುವೆ ಅದು ದೊಡ್ಡ ಹೆಜ್ಜೆ.

ಅಳೆಯುವ ಸಾಧನದ ಪ್ರಶ್ನೆಯೂ ಇದೆ. ಅಮೆರಿಕದ ಮಕ್ಕಳಿಗೆ ಹೊಂದಿಸಿದ ಪರೀಕ್ಷೆಯಲ್ಲಿ ಕೊಪ್ಪಳದ ಮಗುವಿಗೆ ಕಡಿಮೆ ಅಂಕ ಬಂದರೆ ಅದು ವಿಕಿರಣದ ಫಲವೋ, ಪ್ರಶ್ನೆಯ ಅಪರಿಚಿತತೆಯ ಫಲವೋ ಹೇಳಲಾಗದು. ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದವರು ಧಾರವಾಡದಲ್ಲಿ ಕೆಲಸ ಮಾಡಿದ ವಿ. ವಿ. ಕಾಮತ್. 1930ರ ದಶಕದಲ್ಲಿ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಚಿಕಿತ್ಸಾಲಯಗಳಲ್ಲಿ ಈಗಲೂ ಬಳಕೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಕ್ಕಳ ಗಮನ, ನೆನಪು, ಯೋಜನೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಪರೀಕ್ಷೆಗಳ ಗುಚ್ಛವನ್ನು ರೂಪಿಸಿದೆ. ಕ್ಯಾನ್ಸರಿನಿಂದ ಪಾರಾದ ಮಗುವಿನ ಮಟ್ಟಿಗೆ ಒಂದೇ ಒಟ್ಟು ಅಂಕಕ್ಕಿಂತ ಈ ಬಿಡಿ ಅಳತೆಗಳೇ ಉಪಯುಕ್ತ. ಯಾವ ಕಾಲುವೆಯಲ್ಲಿ ಹೂಳು ಎಂಬುದನ್ನು ಅವು ತೋರಿಸುತ್ತವೆ. ಒಮ್ಮೆ ಅಳೆದರೆ ಸಾಲದು. ಚಿಕಿತ್ಸೆ ಮುಗಿದಾಗ ಒಮ್ಮೆ, ಆಮೇಲೆ ಪ್ರಾಥಮಿಕದಿಂದ ಪ್ರೌಢಶಾಲೆಗೆ ಹೋಗುವಂಥ ತಿರುವುಗಳಲ್ಲಿ ಮತ್ತೆ ಅಳೆಯಬೇಕು.

ಕೊರತೆ ಪತ್ತೆಯಾದ ಮೇಲೆ ಮಾಡಬಹುದಾದದ್ದರಲ್ಲಿ ಹೆಚ್ಚಿನದು ಶಾಲೆಯಲ್ಲೇ ಆಗುವಂಥದು, ದುಬಾರಿಯೂ ಅಲ್ಲ. ಮುಂದಿನ ಸಾಲಿನಲ್ಲಿ ಜಾಗ, ಹಲಗೆಯ ಬರಹದ ನಕಲು, ಒಂದು ಸಲಕ್ಕೆ ಒಂದೇ ಸೂಚನೆ, ಪರೀಕ್ಷೆಯಲ್ಲಿ ಹೆಚ್ಚು ಸಮಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಪರೀಕ್ಷೆಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಇವನ್ನೆಲ್ಲ ಅದರ 17ನೆಯ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. ಆದರೆ ಆ ಪಟ್ಟಿಯಲ್ಲಿ ಕ್ಯಾನ್ಸರಿನಿಂದ ಪಾರಾದವರು ಎಂಬ ಬಗೆ ಇಲ್ಲ. ಶ್ರವಣದೋಷ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆಯಂಥವುಗಳಲ್ಲಿ ಯಾವುದಾದರೊಂದರ ಪ್ರಮಾಣಪತ್ರ ಸಿಕ್ಕರೆ ಮಾತ್ರ ಬಾಗಿಲು ತೆರೆಯುತ್ತದೆ. ಬುದ್ಧಿಲಬ್ಧ 90ರ ಆಸುಪಾಸಿನಲ್ಲಿದ್ದು ವೇಗ ಮಾತ್ರ ಕುಂದಿದ ಮಗು ಎರಡು ಕುರ್ಚಿಗಳ ನಡುವಿನ ಸಂದಿನಲ್ಲಿ ಬೀಳುತ್ತದೆ, ಮತ್ತು ಇಂಥ ಮಕ್ಕಳೇ ಹೆಚ್ಚು.

ಔಷಧಿಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಗಮನದ ಕೊರತೆಗೆ ಕೊಡುವ ಮೀಥೈಲ್‌ಫೆನಿಡೇಟ್. ಕೆಲವರಿಗೆ ಗಮನ ಸುಧಾರಿಸುತ್ತದೆ, ಪಾಠದ ಅಂಕ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಆಟದಂತೆ ಮಾಡಿಸುವ ಕೆಲಸದ ನೆನಪಿನ ತರಬೇತಿಯನ್ನು ಸೇಂಟ್ ಜ್ಯೂಡ್‌ನ ಹೆದರ್ ಕಾಂಕ್ಲಿನ್ ತಂಡ 68 ಮಕ್ಕಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲ ಕಂಡಿತು. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ, ವಿಕಿರಣ ಪಡೆದ ಮಕ್ಕಳಿಗೆ ಕೆಲವು ವಾರಗಳ ವ್ಯಾಯಾಮ ಮಾಡಿಸಿದಾಗ ಬಿಳಿಯ ಅಂಶದಲ್ಲೂ ಹಿಪ್ಪೊಕ್ಯಾಂಪಸ್‌ನಲ್ಲೂ ಒಳ್ಳೆಯ ಬದಲಾವಣೆ ಸ್ಕ್ಯಾನ್‌ನಲ್ಲಿ ತೋರಿತು. ಓಡಬೇಡ, ಸುಸ್ತಾಗುತ್ತದೆ ಎಂದು ಚಿಕಿತ್ಸೆ ಮುಗಿದ ಮೇಲೂ ಮಗುವನ್ನು ಜಗಲಿಯಲ್ಲಿ ಕೂರಿಸುವ ಮನೆಗಳಲ್ಲಿ ಈ ಸುದ್ದಿ ತಲುಪಬೇಕು. ಅದೇ ಆಸ್ಪತ್ರೆಯ ಸಂಶೋಧಕರು ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಮಿದುಳಿನ ಮೂಲಕೋಶಗಳನ್ನು ಎಚ್ಚರಿಸುತ್ತದೆಯೇ ಎಂದು 24 ಮಂದಿಯಲ್ಲಿ ನೋಡಿ 2020ರಲ್ಲಿ ವರದಿ ಮಾಡಿದರು. ಸುರಕ್ಷಿತ ಎಂದು ಕಂಡಿತು. ಕೆಲಸ ಮಾಡುತ್ತದೆ ಎನ್ನಲು ಆ ಸಂಖ್ಯೆ ಸಾಲದು. ಗೆಡ್ಡೆಗೆ ವಿಕಿರಣ ತಪ್ಪದಿದ್ದಾಗ ಪ್ರೋಟಾನ್ ಕಿರಣ ಒಂದು ದಾರಿ. ಎಕ್ಸ್‌ರೇ ಗುರಿಯನ್ನು ದಾಟಿ ಆಚೆಗೂ ಹೋಗುತ್ತದೆ. ಪ್ರೋಟಾನ್ ಗುರಿಯಲ್ಲೇ ತನ್ನ ಶಕ್ತಿಯನ್ನೆಲ್ಲ ಸುರಿದು ನಿಲ್ಲುತ್ತದೆ, ಪಕ್ಕದ ಮಿದುಳು ಅಷ್ಟರಮಟ್ಟಿಗೆ ಉಳಿಯುತ್ತದೆ. ಚೆನ್ನೈನಲ್ಲಿ 2019ರಿಂದ ಈ ಸೌಲಭ್ಯವಿದೆ, ಮುಂಬೈ ಬಳಿಯ ಖಾರಘರದ ಟಾಟಾ ಕೇಂದ್ರದಲ್ಲೂ ಇದೆ.

ಈ ಮಕ್ಕಳು ದೊಡ್ಡವರಾದ ಮೇಲಿನ ಬದುಕನ್ನು ಹಿಂಬಾಲಿಸಲೆಂದು ಅಮೆರಿಕ ಮತ್ತು ಕೆನಡಾದಲ್ಲಿ 1994ರಲ್ಲಿ ದೊಡ್ಡ ಅಧ್ಯಯನವೊಂದು ಶುರುವಾಯಿತು. 1970ರಿಂದ 1986ರ ನಡುವೆ ರೋಗ ಪತ್ತೆಯಾಗಿ ಐದು ವರ್ಷ ದಾಟಿದ 14,000ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಹೋಲಿಕೆಗೆ ಅವರ ಒಡಹುಟ್ಟಿದವರು. ಶಾಲೆಯಲ್ಲಿ ವಿಶೇಷ ಬೋಧನೆ ಬೇಕಾದವರು ಪಾರಾದವರಲ್ಲಿ ಶೇಕಡ 23, ಒಡಹುಟ್ಟಿದವರಲ್ಲಿ ಶೇಕಡ 8. ಇದನ್ನು ತಿರುಗಿಸಿ ಓದಿದರೆ, ಪಾರಾದ ನಾಲ್ವರಲ್ಲಿ ಮೂವರಿಗೆ ಅಂಥ ನೆರವು ಬೇಕಾಗಲಿಲ್ಲ. 24 ಗ್ರೇ ಪಡೆದ ಹಳೆಯ ತಲೆಮಾರಿನ ಲ್ಯುಕೇಮಿಯಾ ಮಕ್ಕಳು ಮಾತ್ರ ನಡುವಯಸ್ಸಿಗೆ ಬರುವ ಹೊತ್ತಿಗೇ ವೃದ್ಧರಲ್ಲಿ ಕಾಣುವಂಥ ನೆನಪಿನ ಕುಂದನ್ನು ತೋರಿಸಿದ್ದಾರೆ. 18 ಗ್ರೇ ಪಡೆದವರಲ್ಲಿ ಅದು ಅಷ್ಟಾಗಿ ಕಂಡಿಲ್ಲ.

ಹೀಗೆ ತೊಂದರೆ ತಲೆದೋರುವುದು ಚಿಕಿತ್ಸೆ ಕೊಟ್ಟ ವೈದ್ಯರ ಕಣ್ಣೆದುರಿಗಲ್ಲ. ಹತ್ತಿಪ್ಪತ್ತು ವರ್ಷದ ಮೇಲೆ, ಬೇರೆ ಊರಿನಲ್ಲಿ, ಈ ಹಿನ್ನೆಲೆ ತಿಳಿಯದ ಬೇರೆ ವೈದ್ಯರ ಮುಂದೆ. ಆದ್ದರಿಂದ ಚಿಕಿತ್ಸೆ ಮುಗಿದ ದಿನ ಮನೆಯವರು ಆಸ್ಪತ್ರೆಯಿಂದ ಕೇಳಿ ಪಡೆಯಬೇಕಾದ ಹಾಳೆಯೊಂದಿದೆ. ಕಾಯಿಲೆ ಪತ್ತೆಯಾದಾಗ ಮಗುವಿನ ವಯಸ್ಸು, ತಲೆಗೆ ವಿಕಿರಣ ಕೊಟ್ಟಿದ್ದರೆ ಎಷ್ಟು ಗ್ರೇ, ಬೆನ್ನಿನ ಸೂಜಿ ಎಷ್ಟು ಸಲ, ಮೆಥೊಟ್ರೆಕ್ಸೇಟ್ ಒಟ್ಟು ಎಷ್ಟು, ಸಿಸ್‌ಪ್ಲಾಟಿನ್ ಕೊಟ್ಟಿದ್ದಾರೆಯೇ, ಕಿವಿಯ ಮತ್ತು ಬುದ್ಧಿಯ ಪರೀಕ್ಷೆ ಕೊನೆಯ ಸಲ ಆದದ್ದು ಯಾವಾಗ, ಇಷ್ಟು ಅದರಲ್ಲಿರಬೇಕು. ಅದರ ಒಂದು ಪ್ರತಿ ಮನೆಯ ಕಾಗದಪತ್ರಗಳ ಜೊತೆ, ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯರ ಬಳಿ.